ಅಪ್‌ಡೇಟ್: ಶರಾವತಿ ಹಿನ್ನೀರಿನ ದಡ ಕೊನೆಗೂ ಮ್ಯಾಪಿಗೆ ಬಂತು

ಹೊನ್ನೆಮರಡು ಕಡೆ ಬೇಸಿಗೆಯಲ್ಲಿ ನೀರು ಇಳಿದು ಅಷ್ಟಗಲ ನೆಲ ಏಳುತ್ತದಲ್ಲ, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ದಡದ ಗೆರೆ ಎಲ್ಲಿ ಎಳೆಯೋದು ಅಂತ ಹಿಂದೆ ಇಲ್ಲಿ ಕೇಳಿದ್ದೆ. ಕೆಲಸ ಆಯಿತು.

ಫೋನ್ ಹಿಡಿದು ದಡದಲ್ಲೇ ನಡೆಯಿರಿ ಅಂತ ಕೆಲವರು ಅಂದಿದ್ದು ಉಪಯೋಗಕ್ಕೆ ಬರಲಿಲ್ಲ. ಆ ಜಿಪಿಎಸ್ ಗೆರೆ ಆವತ್ತಿನ ನೀರಿಗಷ್ಟೇ ಸರಿ, ಜೊತೆಗೆ ಕೆಸರು ಬೇರೆ. ಗೆರೆಗೆ ಕೋಸ್ಟ್‌ಲೈನ್ (ಕರಾವಳಿ) ಟ್ಯಾಗ್, ಅಂದರೆ ಅದು ಏನು ಅಂತ ಹೇಳುವ ಗುರುತು, ಹಾಕಿ ಅಂದರಲ್ಲ, ಅದು ಸಮುದ್ರಕ್ಕೆ ಮಾತ್ರ, ಅಣೆಕಟ್ಟಿನ ನೀರಿಗಲ್ಲ.

ಕೆಲಸಕ್ಕೆ ಬಂದಿದ್ದು ಉತ್ತರ ಕೊಟ್ಟ ಹೊನ್ನಾವರದವರೊಬ್ಬರು ಹೇಳಿದ್ದು: ಈ ಹಿನ್ನೀರಿನ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿ ತುಂಬಿದಾಗ, ಅಂದರೆ ಸಮುದ್ರ ಮಟ್ಟದಿಂದ 1819 ಅಡಿಗೆ, ನೀರು ಎಲ್ಲಿ ನಿಲ್ಲುತ್ತದೋ ಅದೇ ದಡ. ಒಳ್ಳೆ ಮಳೆಯಾದ ವರ್ಷದ, ಮಳೆಗಾಲ ಮುಗಿದ ಮೇಲಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಇಟ್ಟುಕೊಂಡು ಎಳೆದೆ. ಬೇಸಿಗೆಯಲ್ಲಿ ಒಣಗುವ ಜಾಗಕ್ಕೆ ಬೇರೆಯಾಗಿ ಇಂಟರ್‌ಮಿಟೆಂಟ್ (ಆಗಾಗ ಮಾತ್ರ ನೀರಿರುವ ಜಾಗ) ಟ್ಯಾಗ್. ನಡುಗಡ್ಡೆಗಳನ್ನು ಮಲ್ಟಿಪಾಲಿಗನ್‌ನಲ್ಲಿ (ಹಲವು ಗೆರೆ ಸೇರಿಸಿ ಮಾಡುವ ಆಕಾರ) ಇನ್ನರ್, ಅಂದರೆ ನೀರಿನ ಒಳಗಿನ ಖಾಲಿ ಜಾಗ, ಅಂತ ಸೇರಿಸಬೇಕು, ಇಲ್ಲದಿದ್ದರೆ ಗುಡ್ಡವೆಲ್ಲ ನೀಲಿ! ಜಾಸ್ತಿ ಹೊತ್ತು ಹಿಡಿದಿದ್ದೂ ಇದೇ.

ಸಮುದ್ರದಲ್ಲೂ ಇದೇ ಲೆಕ್ಕ ಅನ್ನೋದು ಹೊಸದಾಗಿ ತಿಳಿಯಿತು. ದೊಡ್ಡ ಉಬ್ಬರದ ನೀರು ಬರುವ ಕಡೆಗೇ ಕೋಸ್ಟ್‌ಲೈನ್, ಎಳೆಯುವಾಗ ನೆಲ ಎಡಕ್ಕೆ, ನೀರು ಬಲಕ್ಕೆ. ಕೋಸ್ಟ್‌ಲೈನನ್ನು ಬೇರೆಯಾಗಿ ಸಂಸ್ಕರಿಸುವುದರಿಂದ ಮ್ಯಾಪಿನಲ್ಲಿ ಕಾಣುವುದು ತಡ, ಸುಮ್ನೆ ಮತ್ತೆ ಮತ್ತೆ ತಿದ್ದಬೇಡಿ.