ಅಪ್‌ಡೇಟ್: ಮದುವೆ ದಿನದ ಊಟ ಬಿಟ್ಟು ಬೀದರ್‌ಗೆ ಹೋಗಿಬಂದೆವು

ಮದುವೆ ದಿನಕ್ಕೆ ಪ್ರತಿ ವರ್ಷ ನಂಟರನ್ನೆಲ್ಲ ಕರೆದು ಹೋಳಿಗೆ ಊಟ ಹಾಕುತ್ತಿದ್ದೆವು. ಈಗ ಮಕ್ಕಳು ಕಲಬುರಗಿಯಲ್ಲಿಲ್ಲ, ನಮ್ಮಾಕೆಗೂ ಒಲೆ ಮುಂದೆ ನಿಲ್ಲಲು ಆಗಲ್ಲ. ಬದಲಿಗೆ ಇಬ್ಬರೇ ಏನು ಮಾಡಬಹುದು ಅಂತ ಇಲ್ಲಿ ಕೇಳಿದ್ದೆ. ಹೋಟೆಲ್‌ಗೆ ಹೋಗಿ, ಬೀದರ್‌ಗೆ ಹೋಗಿ, ಹೋಳಿಗೆ ಪೂರ್ತಿ ಬಿಡಿ ಅಂತೆಲ್ಲ ಸಲಹೆ ಕೊಟ್ಟಿದ್ದಿರಿ.

ಹೋಟೆಲ್ ಊಟ ಸಪ್ಪೆಯಾಯ್ತು. ಇಬ್ಬರೂ ಫೋನ್ ನೋಡುತ್ತಾ ಕೂತಿದ್ದೆವು. ಹಿಡಿಸಿದ್ದು, ರೈಲಲ್ಲಿ ಬೀದರ್‌ಗೆ ಹೋಗಿ ಬಿದರಿ ಕೆಲಸ (ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಕಲೆ) ನೋಡಿ ಅಂದವರ ಸಲಹೆ. 2017ರಲ್ಲೇ ಕಲಬುರಗಿ–ಬೀದರ್ ರೈಲು ಲೈನ್ ಶುರುವಾಗಿದ್ದರೂ ನಾವು ಆ ರೈಲು ಹತ್ತಿರಲಿಲ್ಲ. ವಾಪಸ್ ರೈಲಿನ ಟೈಮ್ ಮೊದಲೇ ನೋಡಿಕೊಳ್ಳಿ.

ಬೀದರ್‌ನಲ್ಲಿ ನೋಡಿದ್ದು ಸತು, ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿ. ಅದರ ಮೇಲೆ ಕೊರೆದ ಗೆರೆಯೊಳಗೆ ಸಣ್ಣ ಬೆಳ್ಳಿ ತಂತಿ ಕೂರಿಸಿ ಮೆಲ್ಲಗೆ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ (ಒಂದು ಬಗೆಯ ಲವಣ) ಹಾಕಿದರೆ ಹೂಜಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ನಮ್ಮಾಕೆ ಸುತ್ತಿಗೆ ಕೇಳಿ ತಗೊಂಡು ತಾನೂ ಬಡಿದಳು. ನಮಗಿಂತ ನಿಮ್ಮ ಕೈ ಚೆನ್ನಾಗಿದೆ ಅಂದರು ಅಲ್ಲಿನ ಕೆಲಸಗಾರರು!

ಹೋಳಿಗೆ ಪೂರ್ತಿ ಬಿಡಿ ಅಂದಿದ್ದರಲ್ಲ, ಅದು ಮಾತ್ರ ಆಗಲಿಲ್ಲ. ಅಂಗಡಿಯಿಂದ ಕಟ್ಟಿಸಿಕೊಂಡು ರೈಲಲ್ಲೇ ತಿಂದೆವು.

ನಂಟರು ಬೇಜಾರಾಗ್ತಾರೆ ಅಂದುಕೊಂಡಿದ್ದೆ. ಅತ್ತಿಗೆ ಫೋನ್ ಮಾಡಿ, ಮುಂದಿನ ವರ್ಷ ನಮಗೂ ಟಿಕೆಟ್ ತೆಗೆಸಿ ಅಂದರು. ಇಬ್ಬರೇ ಅನ್ನೋದು ಅಲ್ಲಿಗೆ ಮುಗೀತು, ಅಲ್ವಾ?