ಸೈಕಲ್‌ನಲ್ಲಿ ಆಫೀಸಿಗೆ ಹೋಗೋರ ಬ್ಯಾಗು, ಹೆಗಲು, ಕತ್ತು: ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. "ಸೈಕಲ್‌ಗೆ ಯಾವ ಬ್ಯಾಗ್ ತಗೊಳ್ಳಲಿ, ಹೆಗಲು ನೋವು" ಅಂತ ಹೋದ ವಾರ ಬೇಕಾದಷ್ಟು ಜನ ಬೇರೆಬೇರೆಯಾಗಿ ಕೇಳಿದ್ದೀರಿ. ಇವತ್ತು ಎಲ್ಲ ಇಲ್ಲೇ ಕೇಳಿ. ಉತ್ತರ ಕೊಡೋರು ನಮ್ಮ ಗುಂಪಿನವರೇ. ಬಸವನಗುಡಿಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಾರೆ, ತಾವೂ ದಿನಾ ಸೈಕಲ್‌ನಲ್ಲೇ ಹೋಗಿಬರುತ್ತಾರೆ. ದಯವಿಟ್ಟು ಮೇಲಿನ ಉತ್ತರಗಳನ್ನು ಓದಿ ಆಮೇಲೆ ಕೇಳಿ.

ವಿಜಯನಗರ ಸವಾರ: ಡಾಕ್ಟ್ರೇ, ನಂದು 25 ಲೀಟರ್ ಬ್ಯಾಗು, ಬೆನ್ನಿಗೆ ಹಾಕ್ಕೊಂಡು ಹೋಗ್ತೀನಿ. ಸಂಜೆ ಹೊತ್ತಿಗೆ ಕತ್ತು ಹಿಡ್ಕೊಳ್ಳುತ್ತೆ. ನಡೆಯುವಾಗ ಇದೇ ಬ್ಯಾಗಲ್ಲಿ ಏನೂ ಆಗಲ್ಲ. ಯಾಕೆ?

ಫಿಸಿಯೋ: ನಾನು ಡಾಕ್ಟರ್ ಅಲ್ಲ, ಫಿಸಿಯೋಥೆರಪಿಸ್ಟ್. ಇದು ಮುಂದೆ ಯಾರಿಗಾದರೂ ಮುಖ್ಯ ಆಗಬಹುದು, ಅದಕ್ಕೇ ಮೊದಲೇ ಹೇಳಿದೆ.

ಪ್ರಶ್ನೆ ಸರಿಯಾಗಿ ಕೇಳಿದ್ದೀರಿ. ನಡೆಯುವಾಗ ಮೈ ನೆಟ್ಟಗಿರುತ್ತದೆ, ಬ್ಯಾಗಿನ ಭಾರ ಬೆನ್ನುಮೂಳೆಯ ಗುಂಟ ಸೊಂಟಕ್ಕೆ ಇಳಿಯುತ್ತದೆ. ಸೈಕಲ್ ಮೇಲೆ ನೀವು ಮುಂದಕ್ಕೆ ಬಾಗಿರುತ್ತೀರಿ. ಆಗ ಭಾರ ಹೆಗಲಿಗೆ ನೇತುಬೀಳುತ್ತದೆ, ಅಲ್ಲಿಂದ ತೋಳಿಗೆ, ತೋಳಿಂದ ಅಂಗೈಗೆ. ರಸ್ತೆ ಕಾಣಬೇಕಲ್ಲ, ಅದಕ್ಕೆ ಕತ್ತು ಮೇಲೆತ್ತಿ ಹಿಡಿಯುತ್ತೀರಿ. ಪಟ್ಟಿ ಕೆಳಗೆ ಎಳೆಯುವ ಸ್ನಾಯು, ತಲೆ ಎತ್ತುವ ಸ್ನಾಯು ಎರಡೂ ಒಂದೇ ಜಾಗದವು. ಗುಂಡಿ ಸಿಕ್ಕಾಗಲೆಲ್ಲ ಅಲ್ಲೇ ಏಟು.

ಬ್ಯಾಗ್ ಹೊತ್ತು ತೂಕದ ಯಂತ್ರ ಹತ್ತಿ, ಇಳಿಸಿ ಮತ್ತೆ ಹತ್ತಿ. ಲ್ಯಾಪ್‌ಟಾಪು, ಚಾರ್ಜರ್ ಎರಡು ಕಿಲೋ. ಒಂದು ಲೀಟರ್ ನೀರು ಒಂದು ಕಿಲೋ. ಸ್ಟೀಲ್ ಡಬ್ಬಿ ಊಟದ ಸಮೇತ ಇನ್ನೊಂದು. ಚೈನ್ ಲಾಕ್ ಒಂದೂವರೆ. ಬಟ್ಟೆ, ಟವೆಲ್ಲು, ಮಳೆ ಕೋಟು. ಬಹಳ ಜನರದ್ದು ಏಳು ಕಿಲೋ ದಾಟಿರುತ್ತದೆ, ಅವರು ನಾಲ್ಕು ಅಂದುಕೊಂಡಿರುತ್ತಾರೆ. ನೀರು ಫ್ರೇಮಿನ ಸ್ಟ್ಯಾಂಡಿಗೆ ಹಾಕಿ, ಲಾಕ್ ಸೈಕಲ್ಲಿಗೇ ಕಟ್ಟಿ. ಉಳಿದದ್ದನ್ನೂ ಆದಷ್ಟು ಹಿಂದಿನ ಕ್ಯಾರಿಯರ್‌ಗೆ ಇಳಿಸಿ. ಬೆನ್ನ ಮೇಲೆ ಹೊರಲೇಬೇಕು ಅಂದರೆ ಸೊಂಟದ ಬೆಲ್ಟ್ ಇರುವ ಬ್ಯಾಗ್ ತಗೊಂಡು ಆ ಬೆಲ್ಟನ್ನು ನಿಜವಾಗಿ ಕಟ್ಟಿಕೊಳ್ಳಿ. ಎದೆಯ ಪಟ್ಟಿ ಉಸಿರಿಗೆ ಅಡ್ಡ ಬರದಷ್ಟು ಸಡಿಲ ಇರಲಿ. ಭಾರದ ವಸ್ತು ಬೆನ್ನಿಗೆ ಅಂಟಿದಂತಿರಲಿ, ಡಬ್ಬಿ ಹೊರಗಿನ ಜೇಬಿಗೆ ಬೇಡ. ಅಂಗಡಿಯಲ್ಲಿ ಬ್ಯಾಗಿಗೆ ನಿಮ್ಮ ಸಾಮಾನು ತುಂಬಿ, ಟೇಬಲ್ ಮೇಲೆ ಕೈಯೂರಿ ಬಾಗಿ ನಿಂತು, ತಲೆ ಎತ್ತಿ ನೋಡಿ. ಬ್ಯಾಗು ಹೆಲ್ಮೆಟ್ಟಿಗೆ ತಾಗಿದರೆ ಅಲ್ಲೇ ವಾಪಸ್ ಕೊಟ್ಟುಬಿಡಿ.

ಯಲಹಂಕ ಪೆಡಲ್: ಮೇಡಂ ಯಾವ ಕಂಪನಿ ಬ್ಯಾಗ್ ಒಳ್ಳೇದು?

ಫಿಸಿಯೋ: ಕಂಪನಿ ಹೆಸರು ಹೇಳುವುದಿಲ್ಲ. ಹೇಗೆ ಆರಿಸಬೇಕು ಅಂತ ಮೇಲೆ ಬರೆದಿದ್ದೇನೆ.

ಧಾರವಾಡ ದಿಬ್ಬ: ನಮಸ್ಕಾರ್ರೀ ಮೇಡಂ. ನಮ್ಮೂರಾಗ ಏರು ಇಳುಕ್ಲು ಭಾಳ ಅದಾವ್ರಿ. ಕ್ಯಾರಿಯರ್ ಮ್ಯಾಲೆ ಭಾರ ಹಾಕಿದ್ರ ಏರಿನ್ಯಾಗ ಮುಂದಿನ ಗಾಲಿ ಎತ್ತಿದಂಗ ಆಗ್ತೈತ್ರಿ. ಏನ್ ಮಾಡ್ಬೇಕ್ರೀ?

ಜಯನಗರ ಅಮ್ಮ: ಮಗಳು ಒಂಬತ್ತನೇ ಕ್ಲಾಸು, ಸೈಕಲ್‌ನಲ್ಲಿ ಸ್ಕೂಲಿಗೆ ಹೋಗ್ತಾಳೆ. ಬೆನ್ನು ನೋವು ಅಂತ ಬ್ಯಾಗನ್ನ ಹ್ಯಾಂಡಲ್‌ಗೆ ನೇತುಹಾಕ್ತಾಳೆ. ಅದು ಪರವಾಗಿಲ್ವಾ?

ಫಿಸಿಯೋ: ಬೇಡವೇ ಬೇಡ. ನಾಳೆಯಿಂದಲೇ ನಿಲ್ಲಿಸಿ. ಹ್ಯಾಂಡಲ್‌ಗೆ ನೇತುಹಾಕಿದ ಬ್ಯಾಗು ತಿರುವಿನಲ್ಲಿ ತೂಗಾಡಿ ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿಕೊಂಡರೆ ಚಕ್ರ ನಿಂತಲ್ಲೇ ನಿಲ್ಲುತ್ತದೆ, ಮಗು ಹ್ಯಾಂಡಲ್ ದಾಟಿ ಮುಖ ಅಡಿಯಾಗಿ ಬೀಳುತ್ತದೆ. ಮುಂಗೈ ಮುರಿದುಕೊಂಡು ನನ್ನ ಹತ್ತಿರ ಬಂದ ಮಕ್ಕಳಿದ್ದಾರೆ. ದುಪಟ್ಟಾ, ತರಕಾರಿ ಕವರ್ ಎಲ್ಲಕ್ಕೂ ಇದೇ ಮಾತು.

ಶಾಲೆಯಲ್ಲೂ ಕೇಳಿ. ಶಿಕ್ಷಣ ಇಲಾಖೆಯ 2019ರ ಸುತ್ತೋಲೆ ಪ್ರಕಾರ 9, 10ನೇ ತರಗತಿಯ ಬ್ಯಾಗು 4ರಿಂದ 5 ಕಿಲೋ ಮೀರಬಾರದು, ಮಗುವಿನ ತೂಕದ ಹತ್ತನೇ ಒಂದು ಭಾಗದ ಒಳಗಿರಬೇಕು. ಹುಡುಗಿಯರ ಸೈಕಲ್‌ಗೆ ಮುಂದೆ ಗಟ್ಟಿಯಾಗಿ ಕೂರಿಸಿದ ಬುಟ್ಟಿ ಇದ್ದರೆ ಹಗುರವಾದದ್ದನ್ನು ಅದರಲ್ಲಿ ಇಡಿ, ಪುಸ್ತಕದ ಬ್ಯಾಗು ಹಿಂದೆ ಕ್ಯಾರಿಯರ್ ಮೇಲೆ.

ಕೆಂಗೇರಿ ಚೈನು: ಹಿಂದೆ ಕಟ್ಟೋಕೆ ಕೊಕ್ಕೆ ಇರೋ ಎಲಾಸ್ಟಿಕ್ ಹಗ್ಗ ಸಿಗುತ್ತೆ, ಅಗ್ಗ.

ಫಿಸಿಯೋ: ಮಕ್ಕಳ ಕೈಗೆ ಅದನ್ನು ಕೊಡಬೇಡಿ. ಎಳೆದಾಗ ಕೊಕ್ಕೆ ಜಾರಿ ಕಣ್ಣಿಗೆ ಹೊಡೆಯುತ್ತದೆ. ಹಳೇ ಟ್ಯೂಬ್ ಕತ್ತರಿಸಿದ ಪಟ್ಟಿ ಸಾಕು, ಅದರ ತುದಿ ಜೋತಾಡದಂತೆ ಸಿಕ್ಕಿಸಿ.

ಮಲ್ಲೇಶ್ವರ ಬೆಳಗು: ಮುಕ್ಕಾಲು ಗಂಟೆ ಆದ ಮೇಲೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತೆ. ಎರಡೂ ಕೈ. ಬ್ಯಾಗಿಂದಲಾ?

ಫಿಸಿಯೋ: ಬ್ಯಾಗಿನ ಭಾರ ಅಂಗೈ ಮೇಲೆ ಬಿದ್ದು ಕಿರುಬೆರಳಿನ ಬದಿಯ ನರ ಒತ್ತುತ್ತಿದೆ. ಬ್ಯಾಗ್ ಇಳಿಸಿ ಒಂದು ವಾರ ಓಡಿಸಿ. ಕೈ ಆಗಾಗ ಜಾಗ ಬದಲಿಸಿ, ಮಣಿಕಟ್ಟು ಹಿಂದಕ್ಕೆ ಮಡಿಸಬೇಡಿ. ಸೈಕಲ್ ಇಳಿದು ಅರ್ಧ ಗಂಟೆ ಆದ ಮೇಲೂ ಜೋಮು ಉಳಿದರೆ, ಅಥವಾ ಅಂಗಿ ಗುಂಡಿ ಹಾಕಲು ಕಷ್ಟವಾದರೆ, ಬಂದು ತೋರಿಸಿ.

ಉತ್ತರಹಳ್ಳಿ 31: ಮೇಡಂ, ನಂದು ಚಿಕ್ಕ ಪ್ರಶ್ನೆ. ದಿನಕ್ಕೆ ಒಂದೂಮುಕ್ಕಾಲು ಗಂಟೆ ಸೈಕಲ್ ಮೇಲಿರ್ತೀನಿ. ಬ್ಯಾಗಿನ ಬಲಗಡೆ ಪಟ್ಟಿ ಹೆಗಲಿಂದ ಜಾರ್ತಾನೇ ಇರುತ್ತೆ. ಎಡಗಡೆದು ಸರಿಯಾಗಿರುತ್ತೆ. ಮೊದಲು ಹೀಗಿರಲಿಲ್ಲ, ಬ್ಯಾಗ್ ಹಳೇದಾಯ್ತು ಅನ್ಸುತ್ತೆ. ಜಾರದ ಪಟ್ಟಿ ಇರೋ ಬ್ಯಾಗ್ ಯಾವುದು?

ಕೆಂಗೇರಿ ಚೈನು: ಬ್ಯಾಗೇ ಬೇಡ ಬಿಡಿ. ಪ್ಯಾನಿಯರ್ ಹಾಕ್ಸಿ, ಕ್ಯಾರಿಯರ್ ಎರಡು ಬದಿಗೆ ನೇತುಹಾಕೋ ಚೀಲ. ನಮ್ಮಜ್ಜ ಎತ್ತಿನ ಮೇಲೆ ಹಸುಬೆ ಹಾಕ್ತಿದ್ರಲ್ಲ, ಎರಡೂ ಕಡೆ ಸಮತೂಕ, ಅದೇ ಲೆಕ್ಕ. ಹಾಲಿನವರು ಕ್ಯಾನು ಎರಡು ಬದಿ ನೇತುಹಾಕ್ಕೊಂಡು ಜೀವನವಿಡೀ ಸೈಕಲ್ ತುಳೀಲಿಲ್ವಾ?

ಕೋರಮಂಗಲ ಕಾರ್ಬನ್: ಹಾಲಿನವರ ಸೈಕಲ್ ಕಬ್ಬಿಣದ್ದು ಸ್ವಾಮಿ. ಕ್ಯಾರಿಯರ್ ಸ್ಕ್ರೂಗೆ ತೂತೇ ಇಲ್ಲದ ಸೈಕಲ್ ನಮ್ಮದು. ಪ್ಯಾನಿಯರ್‌ನಲ್ಲಿ ಲ್ಯಾಪ್‌ಟಾಪ್ ಹಾಕಿ ಸಿಲ್ಕ್ ಬೋರ್ಡ್ ಕಡೆ ಹೋಗಿಬಂದು ಆಮೇಲೆ ಮಾತಾಡಿ.

ಕೆಂಗೇರಿ ಚೈನು: ಆರು ವರ್ಷದಿಂದ ಹೋಗ್ತಿದೀನಿ. ಒಳಗೆ ಒಂದು ಟವೆಲ್ ಸುತ್ತಿ ಇಟ್ಟರೆ ಮುಗೀತು. ಎರಡು ಲಕ್ಷದ ಸೈಕಲ್ ತಗೊಂಡು ಡಬ್ಬಿ ಬೆನ್ನ ಮೇಲೆ ಹೊರೋದು ಯಾವ ಬುದ್ಧಿ?

ಕೋರಮಂಗಲ ಕಾರ್ಬನ್: ನನ್ನ ಸೈಕಲ್ ಬೆಲೆ ನಿಮಗ್ಯಾಕೆ ರೀ?

ಯಲಹಂಕ ಪೆಡಲ್: ಸೀಟ್ ಕಂಬಕ್ಕೆ ಕಚ್ಚಿಸೋ ಕ್ಯಾರಿಯರ್ ಸಿಗುತ್ತಲ್ಲ ಅಣ್ಣ?

ಕೋರಮಂಗಲ ಕಾರ್ಬನ್: ಕಾರ್ಬನ್ ಕಂಬಕ್ಕೆ ಕಚ್ಚಿಸಿದರೆ ಬಿರುಕು ಬಿಡುತ್ತೆ. ಲೋಹದ ಕಂಬ ಆದ್ರೂ ಅಂಥ ಕ್ಯಾರಿಯರ್ ಸಾಮಾನ್ಯವಾಗಿ ಹತ್ತು ಕಿಲೋ ಒಳಗೇ.

ಫಿಸಿಯೋ: ಉತ್ತರಹಳ್ಳಿಯವರೇ, ಇದ್ದೀರಾ? ಈ ಪ್ಯಾನಿಯರ್ ಜಗಳ ಬಿಡಿ, ನನಗೆ ಉತ್ತರ ಕೊಡಿ. ಪಟ್ಟಿ ಎಷ್ಟು ದಿನದಿಂದ ಜಾರುತ್ತಿದೆ? ಬ್ಯಾಗ್ ಎಷ್ಟು ಭಾರ? ಬಲಗೈ ಮೇಲೆತ್ತಲು ಏನಾದರೂ ವ್ಯತ್ಯಾಸ ಇದೆಯಾ? ಮೊದಲು ರಾತ್ರಿ ನಿದ್ದೆ ಬಾರದಷ್ಟು ಭುಜ ನೋವು ಬಂದಿತ್ತಾ? ಜ್ವರ?

ಉತ್ತರಹಳ್ಳಿ 31: ಒಂದೂವರೆ ತಿಂಗಳಾಯ್ತು ಮೇಡಂ. ಆಫೀಸ್ ಬದಲಾಯಿಸುವಾಗ ಎರಡು ವಾರ ಎರಡು ಲ್ಯಾಪ್‌ಟಾಪು, ಪುಸ್ತಕ ಎಲ್ಲ ಹೊತ್ತೆ. ಹನ್ನೆರಡು ಕಿಲೋ ಇದ್ದಿರಬೇಕು. ಸೊಂಟದ ಬೆಲ್ಟ್ ಇಲ್ಲ. ನೋವು ಇಲ್ಲವೇ ಇಲ್ಲ, ಜ್ವರ ಬಂದಿಲ್ಲ. ಅಟ್ಟದ ಮೇಲಿನ ಡಬ್ಬ ತೆಗೆಯುವಾಗ ಬಲಗೈ ಸೋತ ಹಾಗೆ ಆಗುತ್ತೆ. ಬೆನ್ನಲ್ಲಿ ಬಲಗಡೆ ಮೂಳೆ ಎದ್ದಿದೆ ಅಂತ ಅಮ್ಮ ಹೇಳ್ತಾರೆ, ಸಣ್ಣ ಆಗಿದೀನಿ ಅದಕ್ಕೆ ಅಂದುಕೊಂಡೆ.

ಚಾಮರಾಜಪೇಟೆ: ಫಾರ್ವರ್ಡ್ ಬಂದದ್ದು ಹಾಕ್ತಿದೀನಿ, ಉಪಯೋಗ ಆಗಲಿ. ಭುಜ ಜಾರುವಿಕೆಗೆ ರಾಮಬಾಣ: ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಮೂರು ರಾತ್ರಿ ಕಟ್ಟಿ, ಬೆಳಿಗ್ಗೆ ಐದು ನಿಮಿಷ ಕಂಬಿಗೆ ನೇತುಬೀಳಿ. ನರ ತನ್ನ ಜಾಗಕ್ಕೆ ಬರುತ್ತದೆ. ಹತ್ತು ಜನಕ್ಕೆ ಕಳಿಸಿ.

ಫಿಸಿಯೋ: ಇದನ್ನು ಯಾರೂ ಮಾಡಬೇಡಿ. ಮುಖ್ಯವಾಗಿ ಉತ್ತರಹಳ್ಳಿಯವರು ಮಾಡಬೇಡಿ. ಸೋತ ತೋಳಿನಿಂದ ಕಂಬಿಗೆ ನೇತುಬಿದ್ದರೆ ಆಗಲೇ ಎಳೆದುಹೋದ ನರ ಇನ್ನಷ್ಟು ಎಳೆಯುತ್ತದೆ. ಎಕ್ಕದ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಕೆಡುತ್ತದೆ.

ಉತ್ತರಹಳ್ಳಿಯವರೇ, ನಿಮ್ಮ ಬ್ಯಾಗು ಹಳೇದಾಗಿಲ್ಲ. ಹೆಗಲು ಇಳಿದಿರಬಹುದು, ಪಟ್ಟಿ ಜಾರುವುದು ಅದಕ್ಕೆ. ಬೆನ್ನಿನ ಮೇಲ್ಭಾಗದಲ್ಲಿ ಎರಡು ಬದಿ ಹಲಗೆಯಂಥ ಮೂಳೆ ಇದೆ, ಹೆಗಲ ರೆಕ್ಕೆ ಅನ್ನಿ. ಅದನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯಲು ಸೆರಾಟಸ್ ಅನ್ನುವ ಸ್ನಾಯು ಇದೆ. ಅದಕ್ಕೆ ಸುದ್ದಿ ಒಯ್ಯುವ ನರ ಕತ್ತಿನಿಂದ ಹೊರಟು, ಎದೆಯ ಪಕ್ಕದಲ್ಲಿ ಬಹಳ ದೂರ ಇಳಿದು ಬರುತ್ತದೆ. ಹೆಗಲನ್ನು ಕೆಳಕ್ಕೂ ಹಿಂದಕ್ಕೂ ಎಳೆಯುವ ಭಾರದ ಪಟ್ಟಿ ಈ ನರವನ್ನು ಒತ್ತುತ್ತದೆ, ಎಳೆಯುತ್ತದೆ. ಸೊಂಟದ ಬೆಲ್ಟ್ ಇಲ್ಲದ ಭಾರದ ಚೀಲ ಹೊರುವ ಸೈನಿಕರಲ್ಲಿ, ಚಾರಣಿಗರಲ್ಲಿ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ, ಬ್ಯಾಕ್‌ಪ್ಯಾಕ್ ಪಾಲ್ಸಿ ಅಂತಲೇ ಹೆಸರಿದೆ, ಪಾಲ್ಸಿ ಅಂದರೆ ನರ ಸೋತು ಬಲ ಹೋಗುವುದು. ನೀವು ಅದೇ ಭಾರ ಹೊತ್ತು ಬಾಗಿ ಕೂತಿದ್ದಿರಿ. ನರ ಕೆಲಸ ಬಿಟ್ಟರೆ ರೆಕ್ಕೆ ಮೂಳೆ ಹೊರಗೆ ಎದ್ದು ನಿಲ್ಲುತ್ತದೆ, ಕೈ ತಲೆಯಿಂದ ಮೇಲೆ ಎತ್ತಲು ಬಲ ಸಾಲುವುದಿಲ್ಲ. ಹೆಗಲು ಇಳಿದಿದ್ದರೆ ಕತ್ತಿನ ಬದಿಯಲ್ಲಿ ಬರುವ ಇನ್ನೊಂದು ನರವೂ ಕಾರಣ ಇರಬಹುದು. ಯಾವುದು ಅಂತ ಮುಟ್ಟಿ ಪರೀಕ್ಷೆ ಮಾಡದೆ ನಾನು ಹೇಳಲಾರೆ.

ಇವತ್ತೇ ಒಂದು ಕೆಲಸ ಮಾಡಿ. ಅಂಗಿ ತೆಗೆದು, ಎರಡೂ ಅಂಗೈ ಎದೆಯ ಎತ್ತರಕ್ಕೆ ಗೋಡೆಗೆ ಊರಿ ತಳ್ಳಿ. ಹಿಂದಿನಿಂದ ಅಮ್ಮ ನೋಡಲಿ. ಬಲಗಡೆ ಮೂಳೆ ಎದ್ದು ನಿಂತರೆ ಈ ವಾರವೇ ನರರೋಗ ತಜ್ಞರನ್ನು, ಇಲ್ಲವೇ ಮೂಳೆ ತಜ್ಞರನ್ನು ನೋಡಿ. ನರ ಮತ್ತು ಸ್ನಾಯುವಿನ ವಿದ್ಯುತ್ ಪರೀಕ್ಷೆ ಬರೆಯಬಹುದು. ಅದು ಮೊದಲ ಎರಡು ಮೂರು ವಾರದಲ್ಲಿ ಏನೂ ಇಲ್ಲ ಅಂತ ತೋರಿಸುವ ಸಾಧ್ಯತೆ ಇರುತ್ತದೆ. ನಿಮಗೆ ಒಂದೂವರೆ ತಿಂಗಳಾಗಿದೆ, ಈಗ ಮಾಡಿಸಿದರೆ ಅರ್ಥ ಇದೆ. ಅಲ್ಲಿಯವರೆಗೆ ಬಲ ಹೆಗಲಿಗೆ ಏನೂ ಬೇಡ. ಜಿಮ್ ಬೇಡ, ದಂಡ ಹೊಡೆಯುವುದು ಬೇಡ, ಜೋರಾಗಿ ತಿಕ್ಕಿಸುವುದು ಬೇಡ. ಬಹುತೇಕರಿಗೆ ಇದು ಶಸ್ತ್ರಚಿಕಿತ್ಸೆ ಇಲ್ಲದೆ ಸರಿಹೋಗುತ್ತದೆ, ಆದರೆ ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ವರ್ಷ ದಾಟುತ್ತದೆ. ಹೊರುವುದು ನಿಲ್ಲಿಸದೆ ಹೋದರೆ ನರಕ್ಕೆ ಸುಧಾರಿಸಿಕೊಳ್ಳಲು ಅವಕಾಶವೇ ಸಿಗುವುದಿಲ್ಲ. ನೋವಿಲ್ಲ ಅಂತ ಸುಮ್ಮನಿರಬೇಡಿ. ನೋವಿದ್ದು ಬಲ ಇರುವವರಿಗಿಂತ, ನೋವಿಲ್ಲದೆ ಬಲ ಹೋದವರ ಬಗ್ಗೆ ನನಗೆ ಹೆಚ್ಚು ಚಿಂತೆ.

ಚಾಮರಾಜಪೇಟೆ: ನಮ್ಮ ತಾತ ಎಕ್ಕದ ಎಲೆಯಲ್ಲೇ ಮಂಡಿ ನೋವು ವಾಸಿ ಮಾಡ್ಕೊಂಡಿದ್ರು. ಎಲ್ಲಾದಕ್ಕೂ ಪರೀಕ್ಷೆ, ಸ್ಕ್ಯಾನಿಂಗ್ ಅಂತ ಹೆದರಿಸಬಾರದು ಮೇಡಂ.

ಫಿಸಿಯೋ: ತಾತನ ಮಂಡಿ ನೋವಿನ ಮಾತು ಬೇರೆ. ಈ ಹುಡುಗನ ಕೈ ಸೋತಿದೆ. ಆ ಸಂದೇಶ ತೆಗೆಯಿರಿ. ಅಡ್ಮಿನ್, ದಯವಿಟ್ಟು ತೆಗೆಸಿ.

ಹೆಬ್ಬಾಳ ಗಾಳಿ: ಕತ್ತು ಹಿಡ್ಕೊಂಡ್ರೆ ಕ್ಷೌರದಂಗಡಿಯಲ್ಲಿ ಒಂದು ಸಲ ನೆಟಿಗೆ ತೆಗೆಸಿದ್ರೆ ಸಾಕು, ಹಗುರ ಆಗುತ್ತೆ.

ಫಿಸಿಯೋ: ಕತ್ತಿನ ನೆಟಿಗೆ ತೆಗೆಸಬೇಡಿ. ಕತ್ತನ್ನು ಥಟ್ಟನೆ ತಿರುಚಿದಾಗ ಮೆದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಲಕ್ವ ಹೊಡೆದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಅಪರೂಪ, ಆದರೆ ಆದವರಿಗೆ ಜೀವನಪೂರ್ತಿ ಉಳಿಯಬಹುದು.

ಮಂಗಳೂರು ಮಳೆ: ಇಲ್ಲಿ ಜೂನ್‌ನಿಂದ ಬ್ಯಾಗ್ ಒಣಗುವುದೇ ಇಲ್ಲ ಮಾರಾಯ್ರೆ, ಪಟ್ಟಿಗೆಲ್ಲ ಬೂಸ್ಟು. ಹೆಗಲಿಗೆ ತುರಿಕೆ. ಯಾವ ಬಟ್ಟೆಯ ಬ್ಯಾಗ್ ಒಳ್ಳೆಯದು?

ಕೆಂಗೇರಿ ಚೈನು: ಪ್ಯಾನಿಯರ್ ಹಾಕಿ, ಹೆಗಲಿಗೆ ತಾಗೋದೇ ಇಲ್ಲ.

ಕೋರಮಂಗಲ ಕಾರ್ಬನ್: ಇವರಿಗೆ ಎಲ್ಲಾದಕ್ಕೂ ಪ್ಯಾನಿಯರ್. ಪೆಡಲ್ ಮಾಡುವಾಗ ಹಿಮ್ಮಡಿ ತಾಗುತ್ತಲ್ಲ, ಅದಕ್ಕೇನ್ ಹೇಳ್ತೀರಿ?

ಕೆಂಗೇರಿ ಚೈನು: ಒಂದಂಗುಲ ಹಿಂದಕ್ಕೆ ಸರಿಸಬೇಕು. ಅಷ್ಟು ಗೊತ್ತಿಲ್ಲದೆ ವಾದಕ್ಕೆ ಬರ್ತೀರಲ್ಲ.

ಕೋರಮಂಗಲ ಕಾರ್ಬನ್: ಮರ್ಯಾದೆಯಿಂದ ಮಾತಾಡಿ.

ಅಡ್ಮಿನ್: ಇಬ್ಬರೂ ಖಾಸಗಿಯಾಗಿ ಮಾತಾಡಿಕೊಳ್ಳಿ. ಎಕ್ಕದ ಸಂದೇಶ ತೆಗೆಯುತ್ತಿದ್ದೇನೆ.

ನಾಗರಭಾವಿ ಹೊಸಬ: ಮೇಡಂ ಬೆನ್ನಿಗೆ ಹಾಕೋದಾ, ಒಂದೇ ಹೆಗಲಿಗೆ ಅಡ್ಡ ಹಾಕೋದಾ?

ಫಿಸಿಯೋ: ಒಂದೇ ಹೆಗಲಿನದು ಬೇಡ. ತಿರುವಿನಲ್ಲಿ ಹೊಟ್ಟೆ ಕಡೆ ಜಾರಿ ಮಂಡಿಗೆ ಬಡಿಯುತ್ತದೆ.

ವಿಜಯನಗರ ಸವಾರ: ಬೆಲ್ಟ್ ಇರೋ ಬ್ಯಾಗ್‌ನಲ್ಲಿ ಎಷ್ಟು ಕಿಲೋ ತನಕ ಹೊರಬಹುದು?

ಫಿಸಿಯೋ: ನಾನಾದರೆ ಐದು ಮೀರಿಸುವುದಿಲ್ಲ. ಉತ್ತರಹಳ್ಳಿಯವರೇ, ಗೋಡೆ ತಳ್ಳಿ ನೋಡಿದಿರಾ?

ಉತ್ತರಹಳ್ಳಿ 31: ಈಗ ನೋಡಿದ್ವಿ ಮೇಡಂ. ಮೂಳೆ ಎದ್ದು ನಿಲ್ಲುತ್ತೆ. ಅಮ್ಮ ಫೋಟೋ ತೆಗೆದರು, ನಿಮಗೆ ಕಳಿಸಿದೀನಿ. ಬುಧವಾರ ನರರೋಗ ತಜ್ಞರ ಹತ್ತಿರ ಸಮಯ ಸಿಕ್ಕಿದೆ. ಅಲ್ಲಿತನಕ ಸೈಕಲ್ ಬಿಡಬೇಕಾ?

ಫಿಸಿಯೋ: ಫೋಟೋ ನೋಡಿದೆ. ಅದನ್ನೇ ವೈದ್ಯರಿಗೂ ತೋರಿಸಿ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಷ್ಟು ಕಿಲೋ ಹೊತ್ತಿರಿ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೇಳುತ್ತಾರೆ. ಬುಧವಾರದವರೆಗೆ ಬಸ್ಸಿನಲ್ಲಿ ಹೋಗಿ. ಬ್ಯಾಗು ಎಡಗೈಯಲ್ಲಿ ಹಿಡಿಯಿರಿ, ಕೂತಾಗ ತೊಡೆ ಮೇಲೆ ಇಟ್ಟುಕೊಳ್ಳಿ. ಬಸ್ಸಿನ ಮೇಲಿನ ಕಂಬಿಗೆ ಬಲಗೈ ಬೇಡ.

ಉತ್ತರಹಳ್ಳಿ 31: ಸರಿ ಮೇಡಂ. ಅಮ್ಮನಿಗೆ ಹೇಳ್ತೀನಿ, ಅವರು ಆಗಲೇ ಎಣ್ಣೆ ಬಿಸಿ ಮಾಡ್ತಿದ್ರು.

ಫಿಸಿಯೋ: ತಿಕ್ಕುವುದು ಬೇಡ ಅಂತ ಹೇಳಿ. ಬುಧವಾರ ಏನು ಹೇಳಿದರು ಅಂತ ನನಗೆ ತಿಳಿಸಿ.

ರಾಜಾಜಿನಗರ ರಾತ್ರಿ: ಈಗ ಸೇರಿದೆ. ಮೇಡಂ, ಸೈಕಲ್‌ಗೆ ಯಾವ ಕಂಪನಿ ಬ್ಯಾಗ್ ಒಳ್ಳೇದು? ಲಿಂಕ್ ಕಳಿಸಿ.