ಬಳ್ಳಾರಿ ಬಿಸಿಲಲ್ಲಿ ಬ್ಲೂ ರ‍್ಯಾಮ್ ಮೀನು ಉಳಿಯುತ್ತಾ? ಸಾಕಿದವರು ಹೇಳಿ

ಬಳ್ಳಾರಿಯಿಂದ, ಪ್ರಶ್ನೆ:
ಮಗಳ ಹಟಕ್ಕೆ ಎರಡು ಅಡಿಯ ಟ್ಯಾಂಕ್ ತಂದೆ. ನೀಲಿ, ಹಳದಿ ಬಣ್ಣದ ಬ್ಲೂ ರ‍್ಯಾಮ್ ಮೀನು ಮೂರು ಬಿಟ್ಟೆ. ನಾಲ್ಕು ದಿನಕ್ಕೆ ಎರಡು ಹೋದವು, ವಾರದೊಳಗೆ ಮೂರನೆಯದೂ ಹೋಯಿತು. ಹಾಕಿದ್ದು ಬೋರ್ ನೀರು. ನೋಡಲು ಗಾಜಿನಂತೆ ತಿಳಿಯಾಗಿತ್ತು. ನಮ್ಮ ಬಿಸಿಲಿಗೆ ಈ ಮೀನು ಆಗಲ್ವಾ?

ರಾಯಚೂರಿನಿಂದ:
ಬಿಸಿಲಿನ ಮೇಲೆ ತಪ್ಪು ಹಾಕಬೇಡಿ ಸರ್. ಇದು ವೆನೆಜುವೆಲಾ, ಕೊಲಂಬಿಯಾದ ಒರಿನೊಕೊ ನದಿ ಬಯಲಿನ ಮೀನು. 27ರಿಂದ 30 ಡಿಗ್ರಿ ನೀರು ಅದಕ್ಕೆ ಹಿತ. ಬೆಂಗಳೂರಿನವರು ಇದಕ್ಕೆಂದೇ ಹೀಟರ್ ಹಾಕುತ್ತಾರೆ!

ಟ್ಯಾಂಕ್ ತಂದ ದಿನವೇ ಮೀನು ಬಿಟ್ಟಿರಿ, ಅಲ್ವಾ? ಮೀನಿನ ಹೊಲಸಿನಿಂದ ಅಮೋನಿಯಾ ಆಗುತ್ತದೆ. ಅದು ಕಣ್ಣಿಗೆ ಕಾಣಲ್ಲ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ಅಷ್ಟಾಗಿ ತೊಂದರೆ ಕೊಡದ ನೈಟ್ರೇಟ್ ಮಾಡುತ್ತವೆ. ಇವೆಲ್ಲ ಫಿಲ್ಟರ್ ಸ್ಪಂಜಿನಲ್ಲಿ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡದೆ ದಿನಾ ಚಿಟಿಕೆ ಫುಡ್ ಹಾಕಿ, ಫಿಲ್ಟರ್ ಓಡಿಸಿ. ಫುಡ್ ಕೊಳೆತು ಬರುವ ಅಮೋನಿಯಾವೇ ಆ ಬ್ಯಾಕ್ಟೀರಿಯಾಗೆ ಊಟ. ಗೆಳೆಯರ ಹಳೆ ಟ್ಯಾಂಕಿನ ಸ್ಪಂಜು ಒಂದು ತುಂಡು ಸಿಕ್ಕರೆ ಇನ್ನೂ ಬೇಗ ಆಗುತ್ತದೆ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ಹಬ್ಬದ ಹಿಂದಿನ ದಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಫಳಫಳ ತೊಳೆದೆ. ಕ್ಲೋರಿನ್ ನೀರಿಗೆ ಬ್ಯಾಕ್ಟೀರಿಯಾ ಸತ್ತವು, ಮೂರೇ ದಿನಕ್ಕೆ ಮೀನೂ ಸತ್ತವು. ಈಗ ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡುತ್ತೇನೆ.

ಗಂಗಾವತಿಯಿಂದ:
ಅಣ್ಣ ಹೇಳಿದ್ದು ಸರಿ. ಆದರೆ ನೀರಿನ ಮಾತು ಬಿಟ್ಟರು. ರ‍್ಯಾಮ್‌ಗೆ ಬೇಕಾದದ್ದು ಮೆದು ನೀರು, ಅಂದರೆ ಲವಣ ಕಡಿಮೆ ಇರುವ ನೀರು. ನಮ್ಮ ಬೋರ್ ನೀರು ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ನಿನಲ್ಲಿ 1100 ತೋರಿಸುತ್ತದೆ. ಅದಕ್ಕೇ ಕಾಯಿನ್ ಹಾಕಿ ತರುವ ಆರ್‌ಒ ನೀರು ನಾಲ್ಕು ಪಾಲು, ಬೋರ್ ನೀರು ಒಂದು ಪಾಲು ಬೆರೆಸುತ್ತೇನೆ. 250ರ ಆಸುಪಾಸಿಗೆ ಬರುತ್ತದೆ. ಬರೀ ಆರ್‌ಒ ಹಾಕಬೇಡಿ, ಲವಣವೇ ಇಲ್ಲದ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಯಾವಾಗ ಕುಸಿಯುತ್ತದೋ ಹೇಳಕ್ಕಾಗಲ್ಲ.

ಕಾಲುವೆ ನೀರು ಮೆದು ಎಂದು ತಂದು ಹಾಕೀರಿ ಮತ್ತೆ! ಭತ್ತಕ್ಕೆ ಹೊಡೆದ ಔಷಧಿ ಅದರಲ್ಲಿ ಸೇರಿರಬಹುದು. ಇಷ್ಟೆಲ್ಲ ತಾಪತ್ರಯ ಬೇಡ, ಬೋರ್ ನೀರೇ ಗತಿ ಎಂದರೆ ಗಪ್ಪಿ, ಮಾಲಿ ಸಾಕಿ. ಅವಕ್ಕೆ ಗಡಸು ನೀರೇ ಇಷ್ಟ, ಬಣ್ಣಕ್ಕೂ ಕಡಿಮೆಯಿಲ್ಲ.

ಬಳ್ಳಾರಿಯಿಂದಲೇ, ಒಬ್ಬ ಅಕ್ಕ:
ಏಪ್ರಿಲ್, ಮೇನಲ್ಲಿ ನಮ್ಮನೆ ಟ್ಯಾಂಕ್ 34 ಮುಟ್ಟುತ್ತದೆ. ಅಷ್ಟು ರ‍್ಯಾಮ್‌ಗೂ ಜಾಸ್ತಿಯೇ. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ. ಐಸ್ ಹಾಕಬೇಡಿ, ಒಮ್ಮೆಲೇ ತಣ್ಣಗಾದರೆ ಮೀನು ತಡೆಯಲ್ಲ. ಮುಚ್ಚಳ ತೆಗೆದು ನೆಟ್ ಕಟ್ಟಿ, ಚಿಕ್ಕ ಟೇಬಲ್ ಫ್ಯಾನನ್ನು ನೀರಿನ ಮೇಲೆ ಬೀಸುವಂತೆ ಇಡಿ. ನಮ್ಮ ಒಣ ಗಾಳಿಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಣ್ಣಿನ ಮಡಕೆ ನೀರು ತಂಪಾಗಲ್ವಾ, ಹಾಗೇ. ನೆಟ್ ಇದ್ದರೆ ನಮ್ಮೂರ ಕೆಂಪು ದೂಳೂ ಸ್ವಲ್ಪ ತಡೆಯುತ್ತದೆ.

ಒಂದು ಮಾತ್ರ ನೆನಪಿಡಿ. ಆವಿಯಾಗಿ ಹೋಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ಬೋರ್ ನೀರಲ್ಲಿ ತುಂಬುತ್ತಾ ಹೋದರೆ ಗಡಸು ಏರುತ್ತಲೇ ಇರುತ್ತದೆ. ಗಾಜಿನ ಅಂಚಿಗೆ ಬಿಳಿ ಪಟ್ಟಿ ಬಿದ್ದರೆ ಅದೇ ಗುರುತು. ಹಾಗೆ ತುಂಬಲು ಮಾತ್ರ ಬರೀ ಆರ್‌ಒ ನೀರೇ ಸರಿ.

ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಹಾಕಿ. ಅದಿಲ್ಲದಿದ್ದರೆ ಒಂದು ಮಗ್ ನೀರೆತ್ತಿ ಮೇಲಿಂದ ಸುರಿಯುತ್ತಾ ಇರಿ. ನಾನು ಒಂದು ರಾತ್ರಿ ಸೀರಿಯಲ್ ಬಿಟ್ಟು ಎರಡು ಗಂಟೆ ಸುರಿದಿದ್ದೇನೆ. ಮತ್ತೆ ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಸ್ಪ್ರೇ ಬೇಡವೇ ಬೇಡ. ಏರ್ ಪಂಪ್ ಆ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ.

ಕೊಪ್ಪಳದಿಂದ:
ತೀರಾ ಚಿಕ್ಕ ಮರಿಗೆ ಢಾಳಾದ ಬಣ್ಣವಿದ್ದರೆ ಕೊಳ್ಳಬೇಡಿ. ಹಾರ್ಮೋನ್ ಕೊಟ್ಟಿರಬಹುದು. ಅಂಥವು ಹೆಚ್ಚು ದಿನ ಬಾಳಲ್ಲ. ಹೊಟ್ಟೆ ಬಳಿ ಗುಲಾಬಿ ಛಾಯೆ ಇದ್ದರೆ ಸಾಮಾನ್ಯವಾಗಿ ಹೆಣ್ಣು. ಜೋಡಿ ತನ್ನಿ, ಸಾಕು.

ಬಳ್ಳಾರಿಯಿಂದ, ಕೇಳಿದವರು:
ಹೌದು, ಟ್ಯಾಂಕ್ ತಂದ ದಿನವೇ ಬಿಟ್ಟಿದ್ದೆ. ನೀರು ಬೆರೆಸಿ ಮತ್ತೆ ಶುರು ಮಾಡಿದ್ದೇನೆ. ಇವತ್ತಿಗೆ ಹನ್ನೊಂದನೇ ದಿನ. ಮೀನೇ ಇಲ್ಲದ ಟ್ಯಾಂಕಿಗೆ ದಿನಾ ಫುಡ್ ಹಾಕುವ ಅಪ್ಪನನ್ನು ನೋಡಿ ಮಗಳು ಅಜ್ಜಿಯ ಹತ್ತಿರ ದೂರು ಹೇಳಿದ್ದಾಳೆ.